ಮಡಿಲು ತುಂಬದ ಸೋಮವಾರ

ಕಳೆದ ಬೇಸಿಗೆ ರಜೆಗೆ ನೀವೆಲ್ಲ ಬಂದಿದ್ದಾಗ ನಿಮ್ಮಲ್ಲೊಬ್ಬಳು ನನ್ನ ಹತ್ತಿರ ದೂರು ಹೇಳಿದಳು. "ಅಜ್ಜಿ, ಸಣ್ಣಜ್ಜಿಗೆ ಜಂಬ. ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ." ಆಗ ನಾನು ನಕ್ಕು ಸುಮ್ಮನಾದೆ. ನೀವು ಊರಿಗೆ ಹೋದ ಮೇಲೆ ಆ ಮಾತು ಮನಸ್ಸಿನಲ್ಲಿ ಕೊರೆಯಿತು. ಸಣ್ಣಜ್ಜಿಗೆ ಎಡಗಿವಿ ಕೇಳುವುದಿಲ್ಲ, ಮಕ್ಕಳೇ. ಅದು ಹುಟ್ಟಿನಿಂದ ಬಂದದ್ದಲ್ಲ, ವಯಸ್ಸಿನಿಂದ ಬಂದದ್ದೂ ಅಲ್ಲ.

ನಾನು ಹೊಸದುರ್ಗದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಇವತ್ತಿಗೂ ನಾಲಿಗೆ ಒಣಗುತ್ತದೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲೇ ಎಂದು ಸಣ್ಣಜ್ಜಿಯನ್ನು ಕೇಳಿದೆ. "ಬರೀರಿ ಅತ್ತಿಗೆ. ಯಾರ ಹೆಸ್ರೂ ಹಾಕ್ಬ್ಯಾಡ್ರಿ, ಅಷ್ಟೇ" ಎಂದಳು. ಅವಳ ಮಾತಿನಂತೆ ಯಾರ ಹೆಸರನ್ನೂ ಹಾಕಿಲ್ಲ.

ಅವಳು ನಿಮ್ಮ ತಾತನ ಕೊನೆಯ ತಂಗಿ. ನಾನು ಈ ತಾಳ್ಯದ ಕಡೆಯ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಎರಡು ವರ್ಷ. ಮಾವನವರು ಆಗಲೇ ತೀರಿಹೋಗಿದ್ದರು. ಅತ್ತೆ ಹೊಲಕ್ಕೆ ಹೋದರೆ ಮಗು ನನ್ನ ಸೊಂಟದ ಮೇಲೆ ಇರುತ್ತಿತ್ತು. ತಲೆ ಬಾಚಿದ್ದು, ಹೇನು ತೆಗೆದದ್ದು, ಅಕ್ಷರ ತಿದ್ದಿಸಿದ್ದು ಎಲ್ಲ ನಾನೇ. ನಿಮ್ಮ ಅಮ್ಮ ಹುಟ್ಟಿದ ಮೇಲೂ ಇಬ್ಬರನ್ನೂ ಒಂದೇ ತಟ್ಟೆಯಲ್ಲಿ ಉಣ್ಣಿಸುತ್ತಿದ್ದೆ.

ಇಪ್ಪತ್ತೆರಡಕ್ಕೆ ಅವಳನ್ನು ಹಿರಿಯೂರು ಕಡೆಯ ಒಂದು ಹಳ್ಳಿಗೆ ಕೊಟ್ಟೆವು. ಅವರದು ಸೇವಂತಿಗೆ ಹೂವಿನ ಬೇಸಾಯ. ಹುಡುಗ ನೋಡಲು ಚೆಂದ, ಮಾತು ಇನ್ನೂ ಚೆಂದ. ನಮ್ಮ ಮನೆಗೆ ಬಂದರೆ ಅಳಿಯನೆಂದು ಕಾಲು ಚಾಚಿ ಕುಳಿತವನಲ್ಲ. ಅತ್ತೆಯ ಕೈಯಿಂದ ಕೊಡ ಇಸಿದುಕೊಂಡು ನೀರು ತರುತ್ತಿದ್ದ. "ಹಿಂಗಿರ್ಬೇಕು ಕಣಪ್ಪ ಅಳಿಯ ಅಂದ್ರೆ" ಎಂದು ಊರವರು ನಿಮ್ಮ ತಾತನ ಮುಂದೆ ಅವನನ್ನು ಹೊಗಳಿದರು. ಕೆಟ್ಟವನು ಎಂದರೆ ಕುಡಿದು ತೂರಾಡುವವನು, ಕಣ್ಣು ಕೆಂಪಗಿರುವವನು ಎಂದು ನಾವು ತಿಳಿದಿದ್ದೆವು. ಈತ ಬೀಡಿಯನ್ನೂ ಸೇದುತ್ತಿರಲಿಲ್ಲ.

ಈಗ ನಮ್ಮ ಒಂದು ಪದ್ಧತಿ ಹೇಳಬೇಕು. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಣೆಯ ಮೇಲೆ ಕೂರಿಸಿ ಮಡಿಲು ತುಂಬುತ್ತೇವೆ. ಅವಳು ಸೆರಗು ಒಡ್ಡುತ್ತಾಳೆ. ಅದಕ್ಕೆ ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆಅಡಿಕೆ, ಒಂದು ಕುಪ್ಪಸದ ಕಣ ಹಾಕಬೇಕು. ಮಡಿಲು ತುಂಬದೆ ಮಗಳನ್ನು ಹೊಸಿಲು ದಾಟಿಸುವುದಿಲ್ಲ. ಅದನ್ನು ಮುತ್ತೈದೆಯೇ ತುಂಬಬೇಕು. ಅತ್ತೆ ಗಂಡನನ್ನು ಕಳೆದುಕೊಂಡವರಾದ್ದರಿಂದ ತಾಯಿಯಾದರೂ ಅವರು ಮುಟ್ಟುವಂತಿರಲಿಲ್ಲ. ಹಾಗಾಗಿ ಆ ಕೆಲಸ ಯಾವಾಗಲೂ ನನ್ನದೇ ಆಗಿತ್ತು.

ಮದುವೆಯಾದ ಮಾರನೇ ವರ್ಷ ಅವಳು ಹೇಳದೆ ಕೇಳದೆ ಒಬ್ಬಳೇ ಬಸ್ಸಿಳಿದು ಬಂದಳು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು, ಒಂದು ಭುಜ ಇಳಿಬಿದ್ದಿತ್ತು. ಬಾಗಿಲು ಬಡಿಯಿತು ಎಂದಳು. ಎಂಟು ದಿನಕ್ಕೆ ಅಳಿಯ ಬಂದ, ನಗುನಗುತ್ತ ಮಾತಾಡಿದ. ನಾನು ಮಡಿಲು ತುಂಬಿದೆ, ಹೋದಳು. ಎರಡನೇ ಸಲ ಬಂದಾಗ ಮೂರು ತಿಂಗಳ ಬಸಿರು ಹೋಗಿತ್ತು. ಬಚ್ಚಲಲ್ಲಿ ಜಾರಿದೆ ಎಂದಳು. ಎದ್ದು ಕೂರಲು ಹದಿನೈದು ದಿನ ಬೇಕಾಯಿತು. ಆಗ ಅತ್ತೆ ಕುಳಿತು ಲೆಕ್ಕ ಹಾಕಿದರು.

"ಹೋದ ಸಲ ಮಡ್ಲು ತುಂಬುವಾಗ ಬೆಲ್ಲ ಹಾಕಿದ್ಯೇನೇ?"

"ಹಾಕಿದ್ದೆ ಅತ್ತೆ."

"ಹಾಕಿದ್ಯೋ, ಇಲ್ಲಾ ಹಾಕ್ದೆ ಅನ್ಕಂಡ್ಯೋ? ಬೆಲ್ಲದ ನೆಪ್ಪೇ ಇಲ್ಲ ನಂಗೆ. ಏನೋ ಲೋಪ ಆಗೈತೆ. ಅದಕ್ಕೇ ಹೆಣ್ಣು ಅಲ್ಲಿ ನೆಲೆ ನಿಲ್ವಲ್ದು."

ನಾನೂ ನಂಬಿದೆ. ನಗಬೇಡಿ. ಬೆಲ್ಲ ಮರೆತಿದ್ದೇನೆಂದೇ ನಂಬಿ ರಾತ್ರಿಯೆಲ್ಲ ಅತ್ತಿದ್ದೇನೆ. ಆ ಸಲ ಎರಡಚ್ಚು ಬೆಲ್ಲ ಹಾಕಿದೆ. ಐದರ ಬದಲು ಒಂಬತ್ತು ಬೊಗಸೆ ಅಕ್ಕಿ ಹಾಕಿದೆ. ಮಡಿಲು ಭಾರವಾದಷ್ಟೂ ಅಲ್ಲಿ ಅವಳಿಗೆ ಬೆಲೆ ಬರುತ್ತದೆ ಅನ್ನಿಸಿತು. ಮೂರನೇ ಸಲವೂ ಬಂದಳು, ಮೂರನೇ ಸಲವೂ ತುಂಬಿದೆ. ಅಕ್ಕಿ ಸುರಿಯುವಾಗ ಅವಳು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತವರು ಬಿಡುವ ಸಂಕಟ ಎಂದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಉಳಿದ ಅಕ್ಕಿ ಸುರಿದೆ.

ನಾಲ್ಕನೇ ಸಲ ಬಂದದ್ದು ಈರುಳ್ಳಿ ಕೀಳುವ ಕಾಲದಲ್ಲಿ. ಮೊರ ಹಿಡಿದು ಕೇರಲು ಆಗುತ್ತಿರಲಿಲ್ಲ. ಕೆಮ್ಮು ಬಂದರೆ ಪಕ್ಕೆ ಹಿಡಿದು ಬಗ್ಗಿಬಿಡುತ್ತಿದ್ದಳು. ಬಾಗಿಲ ಅಗುಳಿ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಇಪ್ಪತ್ತಾರರ ಹೆಣ್ಣು, ಕೂದಲು ಹಿಡಿ ಹಿಡಿ ಉದುರುತ್ತಿತ್ತು. ಅಷ್ಟರಲ್ಲಿ ಅವರ ಕಡೆಯ ಹಿರಿಯರು ಫೋನು ಮಾಡಿ, ಸೋಮವಾರ ಬರುತ್ತೇವೆ, ಮಾತು ಮುಗಿಸಿ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ ಎಂದರು. ಅತ್ತೆ ನನ್ನನ್ನು ಕರೆದು, "ಈ ಸಲ ಒಳ್ಳೆ ಕುಪ್ಪಸದ ಕಣ ತಗಂಬಾ, ದುರ್ಗಕ್ಕೇ ಹೋಗಿ ತಗಂಬಾ. ಅವಳ್ನೂ ಕರ್ಕಂಡು ಹೋಗು, ಬಣ್ಣ ಅವಳೇ ನೋಡ್ಲಿ" ಎಂದರು.

ಹಾಗೆ ಶನಿವಾರ ಬೆಳಿಗ್ಗೆ ನಾವಿಬ್ಬರೂ ಕುಪ್ಪಸದ ಕಣಕ್ಕೆಂದು ಚಿತ್ರದುರ್ಗಕ್ಕೆ ಹೊರಟೆವು. ಬಸ್ಸು ಉಬ್ಬಿನ ಮೇಲೆ ಹಾರಿದಾಗಲೆಲ್ಲ ಅವಳು ತುಟಿ ಕಚ್ಚುತ್ತಿದ್ದಳು. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೆಮ್ಮು ಬಂತು. ಅಲ್ಲೇ ಕುಸಿದು ಕುಳಿತಳು, ಮುಖ ಬೆಳ್ಳಗಾಯಿತು. ಅಂಗಡಿಯವರೇ ಆಟೋ ನಿಲ್ಲಿಸಿ, "ದೊಡ್ಡಾಸ್ಪತ್ರೆಗೆ ಹೋಗ್ರಮ್ಮ ಮೊದ್ಲು, ಬಟ್ಟೆ ಎಲ್ಲಿಗೂ ಓಡೋಗಲ್ಲ" ಎಂದರು.

ಅಲ್ಲಿದ್ದ ಡಾಕ್ಟರಮ್ಮ ನಿಮ್ಮ ಅಮ್ಮನ ಈಗಿನ ವಯಸ್ಸಿನವರು ಇರಬಹುದು. ಪಕ್ಕೆ ಮುಟ್ಟಿ ನೋಡಿ ಎಕ್ಸರೇಗೆ ಕಳಿಸಿದರು. ಮಧ್ಯಾಹ್ನ ಆ ಕರಿಯ ಹಾಳೆ ಕೈಗೆ ಬಂದ ಮೇಲೆ ಅದನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

ನಾನು ಅದುವರೆಗೆ ಮನುಷ್ಯರ ಒಳಗನ್ನು ಕಂಡವಳಲ್ಲ. ಕಿಟಕಿಯ ಬೆಳಕಿನಲ್ಲಿ ನನ್ನ ನಾದಿನಿಯ ಎದೆಗೂಡು ಬೂದು ಹೊಗೆಯ ಹಾಗೆ ಕಾಣುತ್ತಿತ್ತು. ಎಷ್ಟು ನಾಜೂಕು! ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದ ಮಗುವಿನ ಒಳಗೆ ಇದು ಇತ್ತೇ ಅನ್ನಿಸಿತು.

"ಇಲ್ಲಿ ನೋಡಿ, ಈ ಎರಡು ಪಕ್ಕೆಲುಬು ಹೊಸದಾಗಿ ಬಿರುಕು ಬಿಟ್ಟಿದೆ" ಎಂದು ಡಾಕ್ಟರಮ್ಮ ಬೆರಳಿಟ್ಟರು. "ಇದು ಹತ್ತು ಹದಿನೈದು ದಿನದ್ದು. ಇದರ ಕೆಳಗಡೆದು ಹಳೇದು, ಗಂಟು ಕಟ್ಟಿದೆ ನೋಡಿ. ಈ ಕಡೆ ಪಕ್ಕೆ, ಇದೂ ಹಳೇದು. ಕೊರಳೆಲುಬಂತೂ ಇನ್ನೂ ಹಳೇದು, ಸೊಟ್ಟಗೆ ಕೂಡ್ಕೊಂಡಿದೆ."

"ಯಾರು ಕಟ್ಟಿದ್ರು ಇದನ್ನ?" ಎಂದೆ. ಮುರಿದ ಮೂಳೆಗೆ ಪಟ್ಟು ಹಾಕುವವರ ಹತ್ತಿರ ಹೋಗಿದ್ದಳೇನೋ ಅಂದುಕೊಂಡು ಕೇಳಿದೆ.

"ಯಾರೂ ಕಟ್ಟಿಲ್ಲ. ತಾನೇ ಕೂಡ್ಕೊಂಡಿದೆ."

ಸೀಬೆ ಮರದ ಕೊಂಬೆ ಅರೆ ಮುರಿದು ಮತ್ತೆ ಕೂಡಿಕೊಂಡ ಕಡೆ ಉಬ್ಬಿಕೊಳ್ಳುತ್ತದಲ್ಲ, ಹಾಗೇ ಇತ್ತು. ನಾನು ಆ ಗಂಟುಗಳಿಂದ ಕಣ್ಣು ಕೀಳದೆ ನಿಂತೆ. ಯಾರಿಗೂ ತಿಳಿಯದೆ, ಯಾರೂ ಒಂದು ಹಿಡಿ ಸೊಪ್ಪು ಅರೆದು ಪಟ್ಟು ಹಾಕದೆ, ಅವಳು ರೊಟ್ಟಿ ತಟ್ಟುತ್ತ, ಹೂ ಬಿಡಿಸುತ್ತ, ಏಟು ತಿನ್ನುತ್ತ ಇರುವಾಗಲೇ ಅವಳ ಮೂಳೆ ಒಳಗೊಳಗೇ ತನ್ನ ಕೆಲಸ ಮಾಡಿಕೊಂಡಿತ್ತು. ಮೂರು ಸಲ. ಕೊರಳೆಲುಬು, ಒಂದು ಪಕ್ಕೆ, ಇನ್ನೊಂದು ಪಕ್ಕೆ. ನಾನು ಮಡಿಲು ತುಂಬಿದ್ದೂ ಮೂರು ಸಲ. ಅವಳ ದೇಹ ಕೂಡಿಸಿಕೊಂಡದ್ದನ್ನು ಮುರಿಯಲು ನಾನೇ ಅಕ್ಕಿ ಬೆಲ್ಲ ಕಟ್ಟಿ ಕಳಿಸಿದ್ದೆ.

ಡಾಕ್ಟರಮ್ಮ ಅವಳನ್ನು ಕೇಳಿದರು. "ಏನಾಯ್ತಮ್ಮ?"

"ಹಸ ಒದೀತು."

"ಹಸ ಕೊರಳಿಗೂ ಒದೀತಾ? ಕಿವಿಗೂ ಒದೀತಾ? ತಮಟೆ ಹರಿದು ಹೋಗಿದೆ, ಕೀವಾಗಿ ಒಣಗಿದೆ."

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳ ಬಲಗಿವಿಯ ಕಡೆ ಬಂದು ಕುಳಿತು, ಮೆಲ್ಲಗೆ ಹೇಳಿದರು. "ನಾನು ಕಂಡದ್ದನ್ನ ಕಂಡ ಹಾಗೇ ಬರೀತೀನಿ. ಪೊಲೀಸರು ಬಂದು ಕೇಳ್ತಾರೆ, ಹೇಳೋದು ನಿನಗೆ ಬಿಟ್ಟಿದ್ದು. ಆದ್ರೆ ಒಂದು ತಿಳ್ಕೋ. ಈಗ ಬಿರುಕು ಬಿಟ್ಟಿರೋ ಜಾಗಕ್ಕೆ ಇನ್ನೊಂದು ಏಟು ಬಿದ್ರೆ ಮೂಳೆ ಒಳಗೆ ಚುಚ್ಚುತ್ತೆ. ಆಗ ಇಲ್ಲಿಗೆ ಬರೋಕೂ ಟೈಮು ಇರಲ್ಲ."

ಅವಳಿಗೆ ಅರ್ಥವಾಯಿತೋ ಇಲ್ಲವೋ, ನನಗಂತೂ ಅರ್ಥವಾಯಿತು. ಸೋಮವಾರ ಅವಳು ಆ ಹೊಸಿಲು ದಾಟಿದರೆ ಐದನೇ ಸಲ ತವರಿಗೆ ಬರುವುದಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತಾಗ ನಾನು ಕೇಳಿದೆ. "ನನಗಾದ್ರೂ ಹೇಳ್ಬಾರ್ದಿತ್ತೇನೇ?"

ಅವಳು ನನ್ನನ್ನು ನೋಡದೆಯೇ ಹೇಳಿದಳು. "ಹೇಳಿದ್ನಲ್ಲ ಅತ್ತಿಗೆ. ಹೋದ ಸಲ ನಿಮ್ ಕೈ ಹಿಡ್ಕಂಡಿದ್ನಲ್ಲ."

ನಾನು ಅವಳ ಕೈ ಹಿಡಿದು ಬಸ್ಸು ಹತ್ತಿಸಿದೆ. ಬಸ್ಸಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಸಿಕ್ಕರು. ಬಾಯಿ ಜೋರು. "ಏನವ್ವ, ಮತ್ತೆ ಬಂದೀಯ? ನಿನ್ ಗಂಡನ ಮನೆ ಬಸ್ಸಿಗಿಂತ ವಾಪಸ್ ಬಸ್ಸೇ ಜಾಸ್ತಿ ಅವೆ ನೋಡು!" ಎಂದು ಇಡೀ ಬಸ್ಸಿಗೆ ಕೇಳುವಂತೆ ನಕ್ಕರು. ನಾದಿನಿಯೂ ನಕ್ಕಳು. ನಗುವಾಗ ಪಕ್ಕೆ ಹಿಡಿದುಕೊಂಡಳು.

ಮನೆಗೆ ಬಂದು ನಿಮ್ಮ ತಾತನಿಗೆ ಹಾಳೆ ತೋರಿಸಿದೆ. ಅವರು ಅದನ್ನು ನೋಡಿ ಬಾಗಿಲು ಹಾಕಿದರು. ಕಣ್ಣು ತುಂಬಿದ್ದವು. ಆದರೂ, "ಇದನ್ನ ಹೊರಗೆ ತೆಗೀಬ್ಯಾಡ. ಮನೆ ಹೆಣ್ಮಗಳ ಮೈ ಫೋಟೋ ಊರಿಗೆಲ್ಲ ತೋರ್ಸಾಕಾಗ್ತೈತಾ? ಹಿರೇರು ಬರ್ಲಿ, ನಾನು ಮಾತಾಡ್ತೀನಿ" ಎಂದು ಬೀರುವಿನಲ್ಲಿ ಇಟ್ಟರು.

ಸೋಮವಾರ ಅವರು ಬಂದರು. ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕುಳಿತರು. ಟೀ ಆಯಿತು, ಮಳೆಯ ಮಾತಾಯಿತು, ಸೇವಂತಿಗೆ ಬೆಲೆಯ ಮಾತಾಯಿತು. ಅಳಿಯ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. "ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರ್ತೈತೆ, ಒಂದು ಹೋಗ್ತೈತೆ ಭಾವ. ಇದಕ್ಕೆಲ್ಲ ಹಿರೇರ್ನ ಕೂರಿಸ್ಬೇಕಾ?" ಎಂದ. ಹಿರಿಯರೊಬ್ಬರು, "ಹಳೇದೆಲ್ಲ ಮರ್ತುಬಿಡ್ರಪ್ಪ. ಹುಡುಗಿ ಸ್ವಲ್ಪ ಬಾಯಿ ಹಿಡ್ಕಳ್ಳಿ, ಹುಡುಗ ಸ್ವಲ್ಪ ಕೈ ಹಿಡ್ಕಳ್ಳಿ. ಉಂಡು ಹೊತ್ತಿರಂಗೆ ಹೋಗಾಣ" ಎಂದರು. ನಿಮ್ಮ ತಾತ ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಅಳಿಯ ನಗುತ್ತ, "ನೀವು ಹೇಳಿದಂಗೆ ಭಾವ" ಎಂದ.

ಅತ್ತೆ ಒಳಗೆ ಬಂದು, "ಮಣೆ ಹಾಕೇ, ಅಕ್ಕಿ ತಗಂಬಾ" ಎಂದರು.

ಅವಳು ಪಡಸಾಲೆಯಲ್ಲೇ ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ನನ್ನ ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ಕಾಯಿ, ಬೆಲ್ಲ. ಕಣ ಮಾತ್ರ ಇರಲಿಲ್ಲ. ಬಗ್ಗಿದೆ. ಬೊಗಸೆಗೆ ಅಕ್ಕಿ ತೆಗೆದುಕೊಂಡೆ. ತೆಳು ಸೀರೆಯ ಕೆಳಗೆ ಆ ಸೊಟ್ಟ ಕೊರಳೆಲುಬು ಕಾಣಿಸಿತು. ಮೊದಲೂ ಎಷ್ಟೋ ಸಲ ಕಂಡಿದ್ದೇ. ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಬೊಗಸೆಯ ಅಕ್ಕಿಯನ್ನು ಮತ್ತೆ ಮೊರಕ್ಕೇ ಬಿಟ್ಟೆ.

"ನಾನು ತುಂಬಲ್ಲ" ಎಂದೆ.

ನನ್ನ ದನಿಯನ್ನು ಆ ಪಡಸಾಲೆಯ ಗಂಡಸರು ಅದುವರೆಗೆ ಕೇಳಿದ್ದೇ ಇಲ್ಲ. "ಏನಂದೆ?" ಎಂದರು ನಿಮ್ಮ ತಾತ.

"ತುಂಬಲ್ಲ ಅಂದೆ."

ಒಳಗೆ ಹೋಗಿ ಬೀರು ತೆಗೆದು ಹಾಳೆ ತಂದೆ. ಹಿತ್ತಿಲ ಬಾಗಿಲಿನ ಬಿಸಿಲಿಗೆ ಹಿಡಿದೆ. ಡಾಕ್ಟರಮ್ಮ ಇಟ್ಟ ಕಡೆಯೇ ಬೆರಳಿಟ್ಟೆ. "ಇದು ಮೊದಲ್ನೇ ಸಲ ಬಂದಾಗಿಂದು. ಇದು ಎರಡ್ನೇದು. ಇದು ಮೂರು. ಇವೆರಡು ಈಗಿನವು." ಅಷ್ಟೇ ನನ್ನ ಭಾಷಣ.

ಅವರ ಕಡೆಯ ಹಿರಿಯರಿಗೆ ಸಿಟ್ಟು ಬಂತು. "ಹೆಂಗಸ್ರ ಆಟ ಏನ್ರಿ ಇದು? ಈಯಮ್ಮ ತುಂಬದಿದ್ರೆ ಊರಾಗೆ ಬೇರೆ ಮುತ್ತೈದೇರು ಇಲ್ವಾ? ಕರೀರಿ ಯಾರನ್ನಾದ್ರೂ" ಎಂದರು. ಪಕ್ಕದ ಮನೆಯಾಕೆ ಬೇಲಿಯ ಹತ್ತಿರವೇ ಕಿವಿ ಕೊಟ್ಟು ನಿಂತಿದ್ದರು. ಬಂದರು. ಕೈ ತೊಳೆದುಕೊಂಡೇ ಬಂದಿದ್ದರು. ಇವರು ಖಂಡಿತ ತುಂಬುತ್ತಾರೆ ಎಂದುಕೊಂಡೆ.

ಅವರು ಮೊರ ಎತ್ತುವ ಮೊದಲು ಹಾಳೆಯನ್ನು ನೋಡಿದರು. ನನ್ನ ಕೈಯಿಂದ ಇಸಿದುಕೊಂಡು ಬಿಸಿಲಿಗೆ ಹಿಡಿದು, ತಲೆ ವಾಲಿಸಿ ನೋಡಿದರು. ಆಮೇಲೆ ತಮ್ಮ ಎಡ ಮುಂಗೈಯನ್ನು ಬಲಗೈಯಿಂದ ನೀವಿಕೊಂಡರು. ಆ ಮುಂಗೈ ಒಂದಿಷ್ಟು ವಾರೆಯಾಗಿರುವುದನ್ನು ಇಪ್ಪತ್ತು ವರ್ಷ ಒಂದೇ ಬಾವಿಯಲ್ಲಿ ನೀರು ಸೇದಿದ ನಾನು ಆ ಕ್ಷಣ ಮೊದಲ ಸಲ ನೋಡಿದೆ.

"ನನ್ ಕೈಲಾಗಲ್ಲ ಕಣ್ರಪ್ಪ" ಎಂದರು. "ನೀವೇ ತುಂಬ್ಕಳ್ರಿ. ಗಂಡಸ್ರು ತುಂಬಬಾರ್ದು ಅಂತ ಎಲ್ಲಿ ಬರ್ದೈತೆ?"

ಅಳಿಯನ ಮುಖದ ನಗು ಮೊದಲ ಸಲ ಹೋಗಿತ್ತು. ಆ ಮುಖವನ್ನು ನಾನು ಅವತ್ತೇ ಕಂಡದ್ದು. ನನ್ನ ನಾದಿನಿ ಅದನ್ನು ನಾಲ್ಕು ವರ್ಷ ಕಂಡಿದ್ದಳು.

ಅವಳು ಇನ್ನೂ ಮಣೆಯ ಮೇಲೆ ಖಾಲಿ ಸೆರಗು ಒಡ್ಡಿಕೊಂಡೇ ಕುಳಿತಿದ್ದಳು. ಆಗ ಅತ್ತೆ ಬಂದರು. ಹೊಂದಿಕೊಂಡು ಹೋಗು ಎಂದು ಮೂರು ಸಲ ಬುದ್ಧಿ ಹೇಳಿದವರು, ಬೆಲ್ಲಕ್ಕಾಗಿ ನನ್ನನ್ನು ಬೈದವರು. ಮಗಳ ಕೈಯಿಂದ ಸೆರಗು ಬಿಡಿಸಿ, ಮಡಿಚಿ, ಅವಳ ಹೆಗಲ ಮೇಲೆ ಹಾಕಿ, ತಟ್ಟಿದರು. "ಏಳು. ಒಳಕ್ಕೆ ನಡಿ" ಎಂದರು. ಗಂಡಸರ ಕಡೆ ತಿರುಗಿ, "ಊಟಕ್ಕೆ ಏಳ್ರಿ. ಉಂಡು ನಿಮ್ ಪಾಡಿಗೆ ನೀವು ಹೋಗ್ರಿ" ಎಂದರು. ಅವರು ಉಣ್ಣಲಿಲ್ಲ. ಜೀಪು ಹತ್ತಿ ಹೋದರು.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಪೊಲೀಸರು ಬಂದಾಗ ಅವಳು ನಡೆದದ್ದನ್ನು ಹೇಳಿದಳು. ಅದಕ್ಕೇ ದುರ್ಗದ ಕೋರ್ಟಿಗೆ ವರ್ಷಗಟ್ಟಲೆ ತಿರುಗಿದೆವು. ಕಿವಿ ಮರಳಿ ಬರಲಿಲ್ಲ, ಮತ್ತೊಂದು ಬಸಿರೂ ಅವಳಿಗೆ ಬರಲಿಲ್ಲ. ತಲೆನೋವು ಬಂದರೆ ಎರಡು ದಿನ ಕತ್ತಲ ಕೋಣೆ. ಊರಿನ ಸೀಮಂತಗಳಿಗೆ ನನ್ನನ್ನು ಕರೆಯುತ್ತಿದ್ದರು, ಅವಳನ್ನು ಕರೆಯುತ್ತಿರಲಿಲ್ಲ. ನಿಮ್ಮ ಅಮ್ಮನಿಗೆ ಬಂದ ಮೊದಲ ಸಂಬಂಧ "ಗಂಡನ್ನ ಬಿಟ್ಟೋಳು ಮನ್ಯಾಗವಳೆ" ಎಂದೇ ತಪ್ಪಿತು. ಆವತ್ತು ನಾನೂ ಅವಳ ಮೇಲೆ ರೇಗಿದೆ. ಅದನ್ನು ಬಚ್ಚಿಡುವುದಿಲ್ಲ. ಅವಳು ಹಿತ್ತಿಲಿಗೆ ಹೋಗಿ ಮಣ್ಣು ಅಗೆದಳು. ಆ ಮನೆಯಲ್ಲಿ ಕಲಿತ ಸೇವಂತಿಗೆ ಬೇಸಾಯವನ್ನು ಇಲ್ಲಿ ಎರಡು ಗುಂಟೆಯಲ್ಲಿ ಮಾಡಿದಳು. ಹೊಳಲ್ಕೆರೆ ಮಾರ್ಕೆಟ್ಟಿಗೆ ಈಗ ವಾರಕ್ಕೆರಡು ಸಲ ಹೂ ಹೋಗುತ್ತದಲ್ಲ, ಅದು ಹಾಗೆ ಶುರುವಾದದ್ದು.

ಆ ಸೋಮವಾರದ ಮಧ್ಯಾಹ್ನದ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಜೀಪು ಹೋದ ಮೇಲೆ ನಿಮ್ಮ ತಾತ ನನ್ನನ್ನು ನೋಡದೆ ಜಗಲಿಯಲ್ಲಿ ಕುಳಿತಿದ್ದರು. ಮಾಡಿದ ಅಡುಗೆ ಹಾಗೇ ಇತ್ತು. ನಾನು ನಾದಿನಿಯನ್ನು ಊಟಕ್ಕೆ ಕರೆಯಲು ಒಳಗೆ ಹೋದೆ. ಅವಳು ಬರೀ ನೆಲದ ಮೇಲೆ, ಈರುಳ್ಳಿ ಚೀಲಗಳ ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಬಂದ ಹದಿನೈದು ದಿನದಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು. ಹೊರಗೆ ಯಾರದೋ ಟ್ರ್ಯಾಕ್ಟರ್ ಹಾದುಹೋಯಿತು, ಕದ ಗಾಳಿಗೆ ಬಡಿಯಿತು, ಅವಳು ಕದಲಲಿಲ್ಲ.

ನಿಮ್ಮ ತಾತ ಬಾಗಿಲಿಗೆ ಬಂದರು. ನೋಡಿದರು. ಚಪ್ಪಲಿಯನ್ನು ಕಾಲಿನಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

"ಉಂಡ್ಲಾ?" ಎಂದು ಪಿಸುಗುಟ್ಟಿದರು.

"ಇಲ್ಲ. ಎಬ್ಬಿಸ್ಬ್ಯಾಡ್ರಿ."

ಅವರು ತಲೆಯಾಡಿಸಿ, ಬಡಿಯುತ್ತಿದ್ದ ಕದಕ್ಕೆ ತಮ್ಮ ಟವೆಲ್ಲನ್ನು ಮಡಿಚಿ ಸಿಕ್ಕಿಸಿ, ಸದ್ದಾಗದಂತೆ ಹೊರಗೆ ಹೋದರು. ನಾನು ಗೋಡೆಗೊರಗಿ ಕುಳಿತೆ. ಅವಳ ಪಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ಸಾಯಂಕಾಲದ ದೀಪ ಹಚ್ಚುವವರೆಗೂ ನಾನು ಅಲ್ಲಿಂದ ಏಳಲಿಲ್ಲ.